ಓತಿ ಹಿಡಿಯುವವನ ಹೆಬ್ಬೆರಳು

"ಬುದ್ಧಿ, ಇಲ್ಲಿಯ ನೇಮಗಳಲ್ಲಿ ಒಂದನ್ನೂ ಬಿಡದೆ ಅಲ್ಲಿಯೂ ನಡೆಸಿಕೊಂಡು ಹೋದರೆ ನನ್ನಿಂದ ಯಾರಿಗೂ ಕೇಡಾಗುವುದಿಲ್ಲ, ಅಲ್ಲವೇ?"

ಕೇಳಿದವನು ಗುರುಶಾಂತ. ದೂರದ ಶಾಖಾಮಠವನ್ನು ನೋಡಿಕೊಳ್ಳಲು ಅವನನ್ನು ಕಳಿಸುವುದೆಂದು ತೀರ್ಮಾನವಾಗಿತ್ತು. ಬಟ್ಟೆಯ ಗಂಟು ಕಟ್ಟಿಯಾಗಿತ್ತು. ಮಠದಲ್ಲಿ ಅವನಷ್ಟು ನೇಮಸ್ಥ ಇನ್ನೊಬ್ಬನಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

"ಗಾಡಿ ಬರುವುದಕ್ಕೆ ಇನ್ನೂ ಹೊತ್ತಿದೆ. ಕೂತುಕೋ. ಒಂದು ಓತಿಯ ಕತೆ ಹೇಳುತ್ತೇನೆ" ಎಂದರು ಗುರುಗಳು.

ಗುರುಶಾಂತನಿಗೆ ನಗು ಬಂತು. ಹೊರಡುವ ಹೊತ್ತಿನಲ್ಲಿ ಶರಣರ ಕತೆಯನ್ನೋ ಸಿದ್ಧರ ಕತೆಯನ್ನೋ ಅವನು ನಿರೀಕ್ಷಿಸಿದ್ದ.

"ನಗು. ಈಗಲೇ ನಕ್ಕುಬಿಡು. ಆಮೇಲೆ ಆಗುವುದಿಲ್ಲ" ಎಂದು ಗುರುಗಳು ಕತೆ ಶುರುಮಾಡಿದರು.

ಬಯಲುನಾಡಿನಲ್ಲಿ ಓತಿ ಹಿಡಿಯುವ ಒಂದು ಕುಲವಿತ್ತು. ಓತಿಯ ಹೊಟ್ಟೆಯೊಳಗಿನ ಕೊಬ್ಬನ್ನು ಕಾಯಿಸಿ ಎಣ್ಣೆ ಇಳಿಸುವುದು ಅವರ ಕಸುಬು. ಆ ಎಣ್ಣೆ ಹಚ್ಚಿದರೆ ಮೊಣಕಾಲು ನೋವು ಹೋಗುತ್ತದೆಂದು ಜನ ನಂಬಿದ್ದರು. ಹೋಗುತ್ತದೋ ಇಲ್ಲವೋ ನಾನು ಹೇಳಲಾರೆ. ಮೊಣಕಾಲು ನೋಯುವವನು ಏನನ್ನಾದರೂ ನಂಬುತ್ತಾನೆ.

ಕೊಲ್ಲುವ ಕಸುಬಾದರೂ ಅವರು ಅದಕ್ಕೊಂದು ಮರ್ಯಾದೆ ಇಟ್ಟುಕೊಂಡಿದ್ದರು. ಮೊಟ್ಟೆ ಹೊತ್ತ ಓತಿಯನ್ನು ಮುಟ್ಟಬಾರದು, ಮೊಟ್ಟೆ ಹೂತ ನೆಲವನ್ನು ಕೆದಕಬಾರದು ಎಂದು ಹಿರಿಯರು ಕಟ್ಟು ಹಾಕಿದ್ದರು. ಅದಕ್ಕೆ ಒಂದು ಕ್ರಮವಿತ್ತು. ಹಿಡಿದ ಪ್ರತಿ ಓತಿಯನ್ನೂ ಅಂಗೈಯಲ್ಲಿ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಹೆಬ್ಬೆರಳು ಆಡಿಸಬೇಕು. ಒಳಗೆ ಹುಣಸೆ ಬೀಜದ ಹಾಗೆ ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿದರೆ ಅದು ಮೊಟ್ಟೆ; ಆ ಓತಿಯನ್ನು ಹಿಡಿದ ಜಾಗದಲ್ಲೇ ಬಿಟ್ಟು ಬರಬೇಕು. ಮೆತ್ತಗಿದ್ದರೆ ಬರಿಯ ಕೊಬ್ಬು; ಬುಟ್ಟಿಗೆ ಹಾಕಬಹುದು. ಈ ಕಟ್ಟು ಅವರನ್ನು ತಲೆತಲಾಂತರದಿಂದ ಸಾಕಿತ್ತು. ಎಷ್ಟು ಹಿಡಿದರೂ ಬಯಲಿನಲ್ಲಿ ಓತಿಗಳಿಗೆ ಬರವಿರಲಿಲ್ಲ. ಒಳ್ಳೆಯ ನೇಮ, ತಿಳಿದವರು ಮಾಡಿದ್ದು. ಅದನ್ನು ನಾನು ಹಳಿಯುತ್ತಿಲ್ಲ.

ಇನ್ನೊಂದು ಕಟ್ಟೂ ಇತ್ತು. ಮನೆಯ ಹೆಣ್ಣುಮಗಳು ಬಸುರಿಯಾದರೆ, ಹೆರಿಗೆಯಾಗುವವರೆಗೆ ಆ ಮನೆಯಲ್ಲಿ ಓತಿಯನ್ನು ಕೊಯ್ಯಬಾರದು. ಕತ್ತಿಯನ್ನು ಸೂರಿನಲ್ಲಿ ಸಿಕ್ಕಿಸಿಬಿಡುತ್ತಿದ್ದರು.

ಆ ಕುಲದಲ್ಲಿ ಒಬ್ಬನಿದ್ದ. ಬಲು ನೇಮಸ್ಥ. ಬೇರೆಯವರು ಒಮ್ಮೆ ಹೆಬ್ಬೆರಳು ಆಡಿಸಿದರೆ ಇವನು ಮತ್ತೆ ಮತ್ತೆ ಆಡಿಸಿ ನೋಡುವನು. ಚೂರು ಅನುಮಾನ ಬಂದರೂ ಬಿಟ್ಟುಬಿಡುವನು. "ಇವನ ಬುಟ್ಟಿಗಿಂತ ಇವನ ಪುಣ್ಯವೇ ಭಾರ" ಎಂದು ಜೊತೆಯವರು ಗೇಲಿ ಮಾಡುತ್ತಿದ್ದರು. ಗೇಲಿ ಮಾಡುತ್ತಲೇ ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಅವನಿಗೆ ಒಂದೇ ಕೊರಗು. ಹೆಂಡತಿಗೆ ಬಸುರು ನಿಲ್ಲುತ್ತಿರಲಿಲ್ಲ. ಕನಸು ಕಟ್ಟಿಕೊಳ್ಳುವಷ್ಟು ದಿನ ಇರುತ್ತಿತ್ತು, ಆಮೇಲೆ ಹೋಗುತ್ತಿತ್ತು. ಹೀಗೆ ಹಲವು ಸಲ ಆಗಿ, ಮತ್ತೆ ಅವಳು ಬಸುರಿಯಾದಾಗ ಗಂಡ ಹೆಂಡತಿ ಇಬ್ಬರೂ ಸಂತೋಷಪಡಲಿಲ್ಲ, ಹೆದರಿದರು. ಅವನು ಅವಳ ಮುಂದೆ ನಿಂತು ಆಣೆ ಮಾಡಿದ.

"ಈ ಕೂಸು ನಮ್ಮ ಕೈಗೆ ಬರೋವರೆಗೂ ನನ್ನ ಕೈಯಿಂದ ಒಂದು ಮೊಟ್ಟೆ ಒಡೆಯಲ್ಲ, ಒಂದು ಮರಿ ಸಾಯಲ್ಲ. ಸತ್ತರೆ..."

ಅವಳು ಅವನ ಬಾಯಿ ಮುಚ್ಚಿದಳು. ಮುಂದಿನ ಮಾತನ್ನು ಆಡಗೊಡಲಿಲ್ಲ. ಆಡದಿದ್ದರೂ ಆ ಮಾತು ಇಬ್ಬರಿಗೂ ಗೊತ್ತಿತ್ತು.

ಕತ್ತಿ ಸೂರಿಗೆ ಹೋಯಿತು. ಅವನಿಗೆ ಆ ವರ್ಷ ಕೆಲಸವಿಲ್ಲವಾಯಿತು. ಅದೇ ಹೊತ್ತಿಗೆ ಒಬ್ಬ ವರ್ತಕ ಬಂದ. ಉತ್ತರದಲ್ಲಿ ಮಂಜಿನ ಬೆಟ್ಟವಿದೆ, ಮರವೂ ಬೆಳೆಯದ ಎತ್ತರದಲ್ಲಿ ಕಲ್ಲುಸಂದಿಗಳಲ್ಲಿ ಒಂದು ಜಾತಿಯ ಓತಿ ಇದೆ, ಅದನ್ನು ಇದುವರೆಗೆ ಯಾರೂ ಹಿಡಿದಿಲ್ಲ ಎಂದ.

"ಮಂಜಿನಲ್ಲಿ ಬದುಕೋ ಓತಿ ಅದು. ಅದರ ಕೊಬ್ಬಿನಲ್ಲಿ ಎಷ್ಟು ಕಾವು ಇರಬೇಕು ನೀನೇ ಯೋಚನೆ ಮಾಡು. ಹಿಡಿದು ಜೀವಂತ ಕೊಟ್ಟರೆ ಸಾಕು. ಕೊಯ್ಯೋದು, ಕಾಯಿಸೋದು ಕೆಳಗೆ ನನ್ನ ಆಳುಗಳು ನೋಡ್ಕೋತಾರೆ. ನಿನ್ನ ಮನೆ ನೇಮಕ್ಕೆ ಒಂದು ಚೂರೂ ಭಂಗ ಬರಲ್ಲ."

ಕೊಯ್ಯಬೇಕಿಲ್ಲ ಎಂಬ ಮಾತು ಅವನ ಮನಸ್ಸಿಗೆ ಹಿಡಿಸಿತು. ಹೆಂಡತಿಯನ್ನು ಒಬ್ಬಳನ್ನೇ ಬಿಟ್ಟುಹೋಗಲು ಧೈರ್ಯವಿಲ್ಲ. ಅವಳನ್ನು ಹೇಸರಗತ್ತೆಯ ಮೇಲೆ ಕೂರಿಸಿಕೊಂಡು, ನಿಂತು ನಿಂತು, ಬೇಸಿಗೆಯ ಮೊದಲಲ್ಲಿ ಬೆಟ್ಟ ಹತ್ತಿದ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಅದು ಹತ್ತಿರವಾದಷ್ಟೂ ಬರಿ ಕಲ್ಲು. ಬೇಸಿಗೆಯಲ್ಲಿ ಕುರಿ ಮೇಯಿಸಲು ಬರುವ ನಾಲ್ಕಾರು ಕುಟುಂಬ ಬಿಟ್ಟರೆ ಅಲ್ಲಿ ಮನುಷ್ಯರಿಲ್ಲ. ಅವರು ಒಂದು ಕಲ್ಲಿನ ಗೂಡನ್ನು ಇವರಿಗೆ ಬಿಟ್ಟುಕೊಟ್ಟರು.

ಅವನು ಹೋದ ತಕ್ಷಣ ಬುಟ್ಟಿ ಎತ್ತಿಕೊಳ್ಳಲಿಲ್ಲ. ಅದನ್ನು ನೀನು ಗಮನಿಸಬೇಕು. ಮೊದಲು ಕಲ್ಲುಗಳ ಸುತ್ತ ನೆಲ ನೋಡಿದ. ಮೊಟ್ಟೆ ಹೂತ ಗುರುತಿದ್ದರೆ ಅಲ್ಲಿ ಕಾಲಿಡಬಾರದಲ್ಲ. ಎಲ್ಲಿಯೂ ಗುರುತಿಲ್ಲ. ಮುದುಕ ಕುರುಬನೊಬ್ಬನನ್ನು ಕೇಳಿದ: "ಅಜ್ಜಾ, ಇಲ್ಲಿ ಯಾರಾದರೂ ಓತಿ ಮೊಟ್ಟೆಗೆ ಕೈ ಹಚ್ಚೋದುಂಟಾ?"

"ನಾನು ಹುಟ್ಟಿದಾಗಿನಿಂದ ಇಲ್ಲಿ ಯಾರೂ ಓತಿ ಮೊಟ್ಟೆ ಮುಟ್ಟಿದ್ದು ಕಂಡಿಲ್ಲಪ್ಪ" ಎಂದ ಮುದುಕ.

ಮುದುಕ ಹೇಳಿದ್ದು ಸತ್ಯ. ಓತಿ ಹಿಡಿಯುವವನು ಕೈಮುಗಿದ. ಎಂಥ ಧರ್ಮವಂತರ ನಾಡು ಎಂದುಕೊಂಡ.

ಆ ಓತಿ ಬಯಲಿನ ಓತಿಯಂತಲ್ಲ. ಬಯಲಿನದು ಬಿಸಿಲಿಗೆ ಹೆದರಿ ನೆರಳು ಹುಡುಕುತ್ತದೆ. ಇದು ನೆರಳಿಗೆ ಹೆದರುತ್ತದೆ. ಚಳಿಯಲ್ಲಿ ಅದು ಕಲ್ಲಿನಡಿ ಮರಗಟ್ಟಿ ಬಿದ್ದಿರುತ್ತದೆ. ಎತ್ತಿ ಕೈಯಲ್ಲಿಟ್ಟರೂ ಅಲುಗುವುದಿಲ್ಲ, ಸತ್ತಿದೆ ಎನ್ನಬೇಕು. ಬೆಳಗಿನ ಬಿಸಿಲು ಕಲ್ಲಿಗೆ ತಾಗಿದ ಮೇಲೆ ಮೆಲ್ಲಗೆ ತಲೆ ಹೊರಗೆ ಹಾಕುತ್ತದೆ. ಆಗ ಅದರ ಬಣ್ಣ ಕೆಂಡ ಆರಿದ ಇದ್ದಿಲಿನಂತೆ ಕಪ್ಪು. ಮೈಯನ್ನು ಚಪ್ಪಟೆ ಮಾಡಿ ಕಲ್ಲಿಗೆ ಒತ್ತಿಕೊಂಡು ಬಿಸಿಲು ಕುಡಿಯುತ್ತದೆ. ಮೈ ಕಾದಂತೆ ಕಪ್ಪು ತಿಳಿಯಾಗಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ನೊಣ, ಇರುವೆ ಹಿಡಿಯಲು ಓಡಾಡುತ್ತದೆ. ಮೋಡ ಬಂದರೆ ಮತ್ತೆ ಕಲ್ಲಿನಡಿಗೆ.

ಕೆಲವು ದಿನ ಕೂತು ನೋಡಿದ ಮೇಲೆ ಅವನಿಗೆ ಎರಡು ತರಹದ ಓತಿ ಕಂಡವು. ಕೆಲವು ತೆಳ್ಳಗೆ, ಚುರುಕು. ಹೆಜ್ಜೆಯ ಸದ್ದಿಗೇ ಮಾಯ. ಇನ್ನು ಕೆಲವು ದುಂಡು ಹೊಟ್ಟೆಯವು. ದಿನವೆಲ್ಲ ಬಿಸಿಲಿನಲ್ಲೇ ಬಿದ್ದಿರುತ್ತಿದ್ದವು. ತಿನ್ನಲು ಕೂಡ ದೂರ ಹೋಗುತ್ತಿರಲಿಲ್ಲ. ಮನುಷ್ಯ ಹತ್ತಿರ ಬಂದರೂ ಕೊನೆಯ ಗಳಿಗೆಯವರೆಗೆ ಕಲ್ಲು ಬಿಡುತ್ತಿರಲಿಲ್ಲ.

ಅವನು ತನ್ನ ಕುಲದ ಬುದ್ಧಿಯಿಂದ ಯೋಚಿಸಿದ. ತೆಳ್ಳಗಿರುವವು ಎಳೆಯವು, ಇನ್ನು ಮೊಟ್ಟೆ ಇಡಬೇಕಾದವು, ಅವನ್ನು ಮುಟ್ಟಕೂಡದು. ದುಂಡಗಿರುವವು ಮುದಿಯವು, ಮೊಟ್ಟೆ ಇಟ್ಟು ಮುಗಿಸಿ ಮೈಗೆ ಕೊಬ್ಬು ಹಿಡಿದು ಸೋಮಾರಿಯಾದವು. ಹಾಗಿದ್ದರೂ ಅವನು ಊಹೆಯನ್ನು ನಂಬಲಿಲ್ಲ. ಒಂದು ದುಂಡು ಓತಿಯನ್ನು ಹಿಡಿದ, ಅಂಗೈಯಲ್ಲಿ ಮಲಗಿಸಿದ, ಹೊಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ. ಹುಣಸೆ ಬೀಜವಿಲ್ಲ. ಬೆಣ್ಣೆಯ ಹಾಗೆ ಮೆತ್ತಗಿತ್ತು. ಮತ್ತೆ ಆಡಿಸಿದ. ಮೆತ್ತಗೇ ಇತ್ತು. ಇನ್ನೊಂದನ್ನು ಹಿಡಿದ, ಅದೂ ಹಾಗೆಯೇ. ಯಾವುದರಲ್ಲೂ ಮೊಟ್ಟೆಯಿಲ್ಲ. ತನ್ನ ಆಣೆಗೆ ತಕ್ಕ ಜಾಗವನ್ನು ದೇವರೇ ತೋರಿಸಿದನೆಂದು ಅವನ ಕಣ್ಣು ತುಂಬಿತು.

ಒತ್ತಿದಾಗ ಬೆರಳಿಗೆ ಒಳಗಿನಿಂದ ಏನೋ ಮಿಡಿದಂತಾಗುತ್ತಿತ್ತು. ಜೀವವಿರುವ ಮೈ, ಮಿಡಿಯದೆ ಇರುತ್ತದೆಯೇ ಎಂದುಕೊಂಡ.

ಬೇಸಿಗೆಯುದ್ದಕ್ಕೂ ಹಿಡಿದ. ತೆಳ್ಳಗಿನ ಒಂದನ್ನೂ ಮುಟ್ಟಲಿಲ್ಲ. ಬಲೆಗೆ ಬಿದ್ದರೆ ಬಿಡಿಸಿ ಕಳಿಸಿದ. ಬುಟ್ಟಿಗೆ ಹಾಕಿದವೆಲ್ಲ ದುಂಡಗಿನವೇ. ವರ್ತಕ ಆಗಾಗ ಬಂದು ಬುಟ್ಟಿಗಳನ್ನು ಹೇಸರಗತ್ತೆಗೆ ಹೇರಿಕೊಂಡು ಹೋಗುತ್ತಿದ್ದ. ಕೆಳಗೆ ಆ ಎಣ್ಣೆಗೆ ದೊಡ್ಡ ಹೆಸರಾಯಿತು. ಬಸುರಿ ಓತಿಯನ್ನು ಮುಟ್ಟದ ನೇಮಸ್ಥನೊಬ್ಬ ತಾನೇ ಪರೀಕ್ಷಿಸಿ ಕಳಿಸುವುದು, ಇದು ಪಾಪವಿಲ್ಲದ ಎಣ್ಣೆ ಎಂದು ವರ್ತಕ ಹೇಳಿ ಮಾರಿದ. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಅನ್ನುತ್ತಾರೆ. ಇಲ್ಲಿ ಸಾಕ್ಷಿ ಗಟ್ಟಿಯಾಗಿತ್ತು, ಯಾರೂ ಅನುಮಾನಿಸಲಿಲ್ಲ. ದೇವಸ್ಥಾನದವರು ಕೊಂಡರು. ಮಠದವರು ಕೊಂಡರು. ಹುಬ್ಬೇರಿಸಬೇಡ ಗುರುಶಾಂತ, ಸ್ವಾಮಿಗಳಿಗೂ ಮೊಣಕಾಲು ಇರುತ್ತವೆ.

ಬೇಸಿಗೆಯ ನಡುವೆ ಒಂದು ದಿನ ಹೆಂಡತಿ ಅವನನ್ನು ಕೂಗಿ ಕರೆದಳು. ಅವನು ಗಾಬರಿಯಿಂದ ಓಡಿಬಂದ. ಅವಳು ಅವನ ಕೈಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಕೂಸು ಮಿಡಿಯಿತು. ಹಿಂದಿನ ಯಾವ ಬಸುರೂ ಅಷ್ಟು ದೂರ ಬಂದಿರಲಿಲ್ಲ. ಅವನು ಅಲ್ಲೇ ಕುಕ್ಕರಿಸಿ ಕೂತು ಅತ್ತ. "ನೇಮ ಕಾಯ್ತಾ ಇದೆ ಕಣೇ" ಎಂದ.

ಅವಳಿಗೂ ಹಾಗೇ ಅನಿಸಿತು. ಯಾಕೆ ಅನಿಸಬಾರದು?

ಬೇಸಿಗೆ ಮುಗಿಯುತ್ತ ಬಂತು. ದಾರಿಯಲ್ಲಿ ಗುಡ್ಡ ಕುಸಿದು ವರ್ತಕ ಬರುವುದು ತಡವಾಯಿತು. ತುಂಬಿದ ಬುಟ್ಟಿಗಳು ಗೂಡಿನ ಮುಂದೆಯೇ ಉಳಿದವು. ಅವು ಹಾಗೆ ಉಳಿದದ್ದು ಅದೇ ಮೊದಲು. ಚಳಿಗೆ ಓತಿಗಳು ಸತ್ತುಹೋದಾವೆಂದು ಹೆಂಡತಿ ಬುಟ್ಟಿಗಳನ್ನು ಬೆಳಗ್ಗೆ ಬಿಸಿಲಿಗೆ ಇಡುವಳು, ಬಿಸಿಲು ಹೋದ ಮೇಲೆ ಒಳಗೆ ಇಡುವಳು. ಒಂದು ದಿನ ಬಿಸಿಲೇರಿದ ಮೇಲೆ ಒಂದು ಬುಟ್ಟಿಯ ಮುಚ್ಚಳ ತೆಗೆದವಳು ಚೀರಿದಳು.

ಬುಟ್ಟಿಯ ತಳದಲ್ಲಿ ಮರಿಗಳಿದ್ದವು. ಕಡ್ಡಿಯಷ್ಟು ಗಾತ್ರದ, ಕಪ್ಪನೆಯ, ಇನ್ನೂ ಒದ್ದೆ ಆರದ ಮರಿಗಳು.

"ಮರಿ ಯಾಕೆ ಹಿಡಿದೆ?" ಎಂದಳು. "ಆಣೆ ಮಾಡಿದ್ದೆಯಲ್ಲ. ನನ್ನ ಹೊಟ್ಟೆ ಮುಂದೆ ನಿಂತು ಆಣೆ ಮಾಡಿದ್ದೆಯಲ್ಲ!"

"ಇಲ್ಲ ಕಣೇ, ನಿನ್ನಾಣೆಗೂ ಇಲ್ಲ. ಒಂದು ಮರಿಗೂ ನಾನು ಕೈ ಹಚ್ಚಿಲ್ಲ. ನೆನ್ನೆ ಹಾಕಿದಾಗ ಈ ಬುಟ್ಟೀಲಿ ಮರಿ ಇರಲಿಲ್ಲ."

"ಮತ್ತೆ ಇವು ಆಕಾಶದಿಂದ ಉದುರಿದವಾ?"

ಇಬ್ಬರೂ ಬುಟ್ಟಿಯನ್ನೇ ನೋಡುತ್ತ ನಿಂತರು. ಆಗ ಮೂಲೆಯಲ್ಲಿದ್ದ ಒಂದು ದುಂಡು ಓತಿ ಹಿಂಗಾಲು ಅಗಲಿಸಿ ಬಾಲ ಎತ್ತಿತು. ಅದರ ಮೈ ಒಮ್ಮೆ ಬಿಗಿಯಿತು. ತೆಳ್ಳನೆಯ ಪೊರೆಯಲ್ಲಿ ಸುತ್ತಿದ ಒಂದು ಒದ್ದೆ ಗಂಟು ಹೊರಗೆ ಬಂತು. ಪೊರೆ ಒಳಗಿನಿಂದ ಹರಿಯಿತು. ಒಂದು ಪುಟ್ಟ ತಲೆ ಹೊರಬಂದು ಬಾಯಿ ತೆರೆಯಿತು.

ಗುರುಶಾಂತ ತಡೆಯಲಾರದೆ ಕೇಳಿದ: "ಓತಿ ಮರಿ ಹಾಕುತ್ತದೆಯೇ, ಬುದ್ಧಿ?"

ಬಯಲಿನ ಓತಿ ಹಾಕುವುದಿಲ್ಲ. ಬಯಲಿನಲ್ಲಿ ನೆಲ ಬೆಚ್ಚಗಿರುತ್ತದೆ. ತಾಯಿ ಮೊಟ್ಟೆಯನ್ನು ಮಣ್ಣಿಗೆ ಒಪ್ಪಿಸಿ ಹೋಗುತ್ತಾಳೆ, ಉಳಿದದ್ದನ್ನು ಮಣ್ಣು ನೋಡಿಕೊಳ್ಳುತ್ತದೆ. ಆ ಎತ್ತರದಲ್ಲಿ ನೆಲ ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತದೆ. ಅಲ್ಲಿ ಮೊಟ್ಟೆ ಇಟ್ಟರೆ ಮೊಟ್ಟೆಯಾಗಿಯೇ ಸಾಯಬೇಕು. ಅದಕ್ಕೆ ಅಲ್ಲಿಯ ತಾಯಿ ಅದನ್ನು ಹೊರಗೆ ಬಿಡುವುದಿಲ್ಲ, ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಗಟ್ಟಿ ಚಿಪ್ಪು ಬೇಕಿಲ್ಲ, ಮಣ್ಣಿನಲ್ಲಿ ಮಲಗಬೇಕಾದ್ದಿಲ್ಲವಲ್ಲ. ಹೋದ ಬೇಸಿಗೆಯಲ್ಲಿ ಹೊಟ್ಟೆಗೆ ಬಿದ್ದದ್ದನ್ನು ಹೊತ್ತುಕೊಂಡೇ ಮಂಜಿನಡಿ ಚಳಿಗಾಲ ಕಳೆದು, ಈ ಬೇಸಿಗೆಯ ಕೊನೆಗೆ ಹೆರುತ್ತಾಳೆ. ಹೆರುವುದು ಎರಡೋ ಮೂರೋ. ಮತ್ತೆ ಬಸುರಾಗುವಷ್ಟು ಮೈ ಬರಬೇಕಾದರೆ ಇನ್ನೊಂದು ಬೇಸಿಗೆ ಕಳೆಯಬೇಕು.

ದುಂಡು ಹೊಟ್ಟೆಯವು ಓಡದೆ ಇದ್ದದ್ದು ಯಾಕೆ ಗೊತ್ತೇ? ಓಡಿದರೆ ಬಿಸಿಲು ತಪ್ಪುತ್ತದೆ. ಅವು ಬಿಸಿಲು ಕಾಯುತ್ತಿದ್ದದ್ದು ತಮಗಾಗಿ ಅಲ್ಲ, ಒಳಗಿರುವುದಕ್ಕಾಗಿ. ಅವನು ಅದನ್ನು ಸೋಮಾರಿತನ ಅಂದುಕೊಂಡಿದ್ದ. ಮತ್ತೆ, ಬಿಡಿಸಿ ಬಿಡಿಸಿ ಕಳಿಸಿದ್ದನಲ್ಲ ಆ ತೆಳ್ಳಗಿನವು, ಅವುಗಳಲ್ಲಿ ಮುಕ್ಕಾಲು ಪಾಲು ಗಂಡುಗಳು.

ಇದನ್ನು ಮೊದಲು ಅರ್ಥ ಮಾಡಿಕೊಂಡವಳು ಹೆಂಡತಿ. ಅವಳ ಕೈ ತಾನಾಗಿಯೇ ಅವಳ ಹೊಟ್ಟೆಯ ಮೇಲೆ ಹೋಯಿತು. ಅವನು ಇನ್ನೂ ಬುಟ್ಟಿಯನ್ನೇ ನೋಡುತ್ತಿದ್ದ. ಅವಳ ಕೈ ಹೋದ ಜಾಗವನ್ನು ನೋಡಿದ ಮೇಲೆ ಅವನಿಗೆ ತಿಳಿಯಿತು. ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಹೆಂಡತಿಯ ಹೊಟ್ಟೆಯಲ್ಲಿ ಅವನ ಕೈಗೆ ತಾಗಿದ ಮಿಡಿತವೂ ಬೇಸಿಗೆಯುದ್ದಕ್ಕೂ ಈ ಬೆರಳಿಗೆ ತಾಗಿದ ಮಿಡಿತವೂ ಒಂದೇ ಆಗಿತ್ತು. ಅವನ ಕೈ ಅದನ್ನು ಅರಿತಿತ್ತು, ಅವನು ಅರಿತಿರಲಿಲ್ಲ.

ಅವನು ಅಳಲಿಲ್ಲ. ಏಕಾಏಕಿ ಬುಟ್ಟಿಗಳನ್ನು ಎತ್ತಿಕೊಂಡು ಬೆಟ್ಟದ ಕಡೆಗೆ ಓಡಲು ಹೊರಟ. ಅಷ್ಟರಲ್ಲಿ ಮೋಡ ಕವಿದಿತ್ತು, ಗಾಳಿ ಎದ್ದಿತ್ತು. ಹೆಂಡತಿ ಅವನ ತೋಳು ಹಿಡಿದಳು.

"ಈಗ ಬಿಟ್ಟರೆ ಕಲ್ಲಿನಡಿ ಸೇರೋಕೂ ತ್ರಾಣ ಇರಲ್ಲ, ಮರಗಟ್ಟಿ ಕಾಗೆ ಪಾಲಾಗ್ತಾವೆ. ಬಿಸಿಲು ಬರಲಿ. ಪುಣ್ಯ ಮಾಡೋಕೂ ಆತುರ ಬೇಡ ನಿನಗೆ."

ಬಿಸಿಲು ಬಂದ ಮೇಲೆ ಅವಳೇ ಬುಟ್ಟಿಗಳನ್ನು ಬೆಟ್ಟದ ಕಲ್ಲುಗಳ ಹತ್ತಿರ ಇಡಿಸಿದಳು. ಒಂದೊಂದನ್ನೇ ತೆಗೆದು, ಮರಿಗಳನ್ನು ಬೊಗಸೆಯಲ್ಲಿ ಎತ್ತಿ, ಕಾದ ಕಲ್ಲಿನ ಮೇಲೆ ಬಿಟ್ಟಳು. ಅವನಿಗೆ ಮುಟ್ಟಗೊಡಲಿಲ್ಲ. ಅವನೂ ಕೇಳಲಿಲ್ಲ. ಎಲ್ಲವೂ ಸಂದಿಗೆ ಸೇರುವವರೆಗೆ ಅವಳು ಬಿಸಿಲಿಗೆ ಬೆನ್ನು ಕೊಟ್ಟು ಅಲ್ಲೇ ಕೂತಿದ್ದಳು.

ದಾರಿ ತೆರೆದ ಮೇಲೆ ವರ್ತಕ ಬಂದ. ಬರಿ ಬುಟ್ಟಿಗಳನ್ನು ನೋಡಿ ಕಾರಣ ಕೇಳಿದ. ಅವನು ಹೇಳಿದ. ಹೇಳಿ, ತನ್ನೊಳಗೆ ಕೊರೆಯುತ್ತಿದ್ದ ಒಂದು ಮಾತನ್ನೂ ಕೇಳಿದ.

"ಕೊಯ್ಯೋರಿಗೆ ಕಾಣಿಸಲಿಲ್ಲವಾ? ನಿಮ್ಮ ಆಳುಗಳಿಗೆ?"

ವರ್ತಕ ಕೆಟ್ಟವನಲ್ಲ. ತಲೆ ತಗ್ಗಿಸಿದ. "ಕಾಣಿಸ್ತು. ಮೊದಲನೇ ಬುಟ್ಟಿಯಲ್ಲೇ ಕಾಣಿಸ್ತು. ಒಬ್ಬ ಹೆಂಗಸು ಕತ್ತಿ ಬಿಸಾಕಿ ಎದ್ದುಹೋದಳು, ಇದು ಬಸುರಿ ಅಂದಳು. ನಾನೇ ಅವಳನ್ನು ಕರೆದು ಸಮಾಧಾನ ಮಾಡಿದೆ. ಅವನು ಹೆಬ್ಬೆರಳು ಇಟ್ಟು ನೋಡಿ ಕಳಿಸಿದ್ದು, ಬಸುರಿ ಆಗಿರೋಕೆ ಸಾಧ್ಯವೇ ಇಲ್ಲ, ಇದು ಹುಳ ಇರಬೇಕು ಅಂದೆ. ನಾನೂ ಹಾಗೇ ನಂಬಿದೆ. ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತಪ್ಪ ನಮಗೆಲ್ಲ."

ಯೋಚನೆ ಮಾಡು ಗುರುಶಾಂತ. ಅವನು ಒಬ್ಬ ಕಳ್ಳನಾಗಿದ್ದರೆ, ಕುಡುಕನಾಗಿದ್ದರೆ, ನೇಮಗೇಡಿಯಾಗಿದ್ದರೆ, ಆ ಹೆಂಗಸಿನ ಮಾತಿಗೆ ಬೆಲೆ ಬರುತ್ತಿತ್ತು. ಮೊದಲನೇ ಬುಟ್ಟಿಗೇ ಎಲ್ಲ ನಿಲ್ಲುತ್ತಿತ್ತು. ಅವನ ಒಳ್ಳೆಯ ಹೆಸರು ಅವಳ ಕಣ್ಣನ್ನು ಸುಳ್ಳು ಮಾಡಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗಂಡ ಹೆಂಡತಿ ಮಂಜು ಬೀಳುವ ಮೊದಲು ಬಯಲಿಗೆ ಇಳಿದರು. ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತನ್ನು ಆಡಲಿಲ್ಲ. ಆಣೆಯ ಅರ್ಧಕ್ಕೆ ನಿಂತ ಮಾತನ್ನು. ಪ್ರತಿ ದಿನ ಬೆಳಗ್ಗೆ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾಯುವಳು. ಮಿಡಿತ ತಿಳಿದ ಮೇಲೆ ಉಸಿರು ಬಿಡುವಳು. ಅವನು ದೂರದಿಂದ ಅವಳ ಮುಖ ನೋಡಿ ತಿಳಿದುಕೊಳ್ಳುವನು. ಕೈ ಇಟ್ಟು ನೋಡು ಎಂದು ಅವಳು ಕರೆಯಲಿಲ್ಲ.

ಇಲ್ಲಿಗೆ ಬಂದಾಗ ಗುರುಗಳು ನಿಲ್ಲಿಸಿದರು. ಗುರುಶಾಂತನ ಮುಖದಲ್ಲಿ ರಕ್ತವಿರಲಿಲ್ಲ.

"ಕೂಸು ಹೋಯಿತೇ, ಬುದ್ಧಿ?"

"ಹೋಗಿದ್ದರೆ ನಿನಗೆ ಸಮಾಧಾನವಾಗುತ್ತಿತ್ತು" ಎಂದರು ಗುರುಗಳು. "ತಪ್ಪಿಗೆ ಶಿಕ್ಷೆ ಆಯಿತು, ಲೆಕ್ಕ ಚುಕ್ತಾ ಆಯಿತು ಎಂದು ಎದ್ದುಹೋಗುತ್ತಿದ್ದೆ. ಕೂಸು ಹೋಗಲಿಲ್ಲ."

ಕೂಸು ದಿನ ತುಂಬಿ ಹುಟ್ಟಿತು. ಹೆಣ್ಣುಕೂಸು, ಗುಂಡಗಿತ್ತು, ಕೇರಿಗೆಲ್ಲ ಕೇಳುವ ಹಾಗೆ ಅತ್ತಿತು. ತಾಯಿಯೂ ಚೆನ್ನಾಗಿದ್ದಳು. ಕುಲದವರೆಲ್ಲ ಬಂದು ಬೆಲ್ಲ ಹಂಚಿದರು. "ನೋಡಿದಿರಾ, ನೇಮ ಬಿಡದವನಿಗೆ ದೇವರು ಹೇಗೆ ಕೊಟ್ಟ" ಎಂದರು.

ಅವನಿಗೆ ತಡೆಯಲಾಗಲಿಲ್ಲ. ಹಿರಿಯರ ಮುಂದೆ ನಿಂತು ಬೆಟ್ಟದಲ್ಲಿ ನಡೆದದ್ದನ್ನೆಲ್ಲ ಹೇಳಿದ. ತನಗೆ ದಂಡ ಹಾಕಿ, ಕುಲದಿಂದ ಹೊರಗೆ ಹಾಕಿ ಎಂದು ಬೇಡಿಕೊಂಡ. ಹಿರಿಯರು ತುಂಬ ಹೊತ್ತು ಮಾತಾಡಿಕೊಂಡರು. ಆಮೇಲೆ ಎಲ್ಲರಿಗಿಂತ ಹಿರಿಯನು ಕೇಳಿದ: "ಪ್ರತಿಯೊಂದಕ್ಕೂ ಹೆಬ್ಬೆರಳು ಇಟ್ಟೆಯಾ?"

"ಇಟ್ಟೆ."

"ಮೊಟ್ಟೆ ಸಿಕ್ಕಿತಾ?"

"ಇಲ್ಲ."

"ಹಾಗಾದರೆ ನಿನ್ನದು ತಪ್ಪಿಲ್ಲ, ಏಳು" ಎಂದು ಹಿರಿಯರು ಅವನ ತಲೆಗೆ ರುಮಾಲು ಸುತ್ತಿದರು. ಉಡುಗೊರೆ ಅದು. ಅವನು ಅದನ್ನು ಬಿಚ್ಚುವ ಶಕ್ತಿಯೂ ಇಲ್ಲದೆ ನಿಂತಿದ್ದ.

ಅಲ್ಲಿಗೂ ಮುಗಿಯಲಿಲ್ಲ. ಬಸುರು ನಿಲ್ಲದ ಹೆಂಗಸರು ಅವನ ಮನೆ ಹುಡುಕಿಕೊಂಡು ಬರತೊಡಗಿದರು. ಬಾಗಿಲಲ್ಲಿ ನಿಂತು, "ಅಣ್ಣಾ, ನೇಮದ ಕೈ ನಿನ್ನದು. ನನ್ನ ಹೊಟ್ಟೆ ಮೇಲೆ ಒಂದು ಸಲ ಆ ಹೆಬ್ಬೆರಳು ಇಡು" ಎಂದು ಸೆರಗೊಡ್ಡಿ ಬೇಡಿದರು. ಅವನು ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತಿದ್ದ. ಎಂಥ ವಿನಯ ಎಂದು ಜನ ಅದಕ್ಕೂ ಹೊಗಳಿದರು.

ಮಾರನೆಯ ಬೇಸಿಗೆಯಲ್ಲಿ ಅವನು ಒಬ್ಬನೇ ಆ ಬೆಟ್ಟ ಹತ್ತಿದ. ತಾನು ಬುಟ್ಟಿ ಹಿಡಿದು ನಡೆದ ಇಳಿಜಾರಿನಲ್ಲಿ ಕೂತು ನೋಡಿದ. ಬಿಸಿಲು ಬಂತು, ಕಲ್ಲುಗಳು ಕಾದವು. ತೆಳ್ಳಗಿನವು ಅತ್ತಿತ್ತ ಓಡಿ ಸಂದಿ ಸೇರಿದವು. ಹೆಂಡತಿ ಬಿಟ್ಟಿದ್ದ ಕಲ್ಲುಗಳ ಹತ್ತಿರ ನಾಲ್ಕಾರು ಮರಿಗಳಿದ್ದವು. ದುಂಡು ಹೊಟ್ಟೆಯವು ಬಿದ್ದಿರುತ್ತಿದ್ದ ಉಳಿದ ಕಲ್ಲುಗಳ ಮೇಲೆ ಏನೂ ಇರಲಿಲ್ಲ. ಕಣ್ಣು ಹಾಯುವವರೆಗೆ ಖಾಲಿ ಕಲ್ಲು, ಅದರ ಮೇಲೆ ಯಾರಿಗೂ ಬೇಡದ ಬಿಸಿಲು. ಅವನು ಮನೆಗೆ ಬಂದು ಬುಟ್ಟಿಯನ್ನು ಒಲೆಗೆ ಹಾಕಿದ. ಮತ್ತೆ ಓತಿ ಹಿಡಿಯಲಿಲ್ಲ, ಕೂಲಿ ಮಾಡಿ ಬದುಕಿದ.

ಮಗಳನ್ನು ಅವನು ಎತ್ತಿಕೊಳ್ಳುತ್ತಿದ್ದ. ಎತ್ತಿಕೊಳ್ಳುವಾಗ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಳ್ಳುತ್ತಿದ್ದ. ಮಗು ದೊಡ್ಡದಾದ ಮೇಲೂ ಹಾಗೆಯೇ. ಅಪ್ಪನ ಆ ಬೆರಳಿಗೆ ಏನಾಗಿದೆ ಎಂದು ಅವಳು ಒಮ್ಮೆ ಕೇಳಿದಳಂತೆ. ನೋವು ಎಂದನಂತೆ.

ಗುರುಗಳು ಕತೆ ಮುಗಿಸಿದರು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಗಾಡಿಯವನು ಒಮ್ಮೆ ಕೂಗಿದ. ಗುರುಶಾಂತ ಏಳಲಿಲ್ಲ. ಅವನ ಮನಸ್ಸು ಕತೆಯಲ್ಲಿ ಏನನ್ನೋ ಹುಡುಕುತ್ತಿತ್ತು. ಎಲ್ಲಿಯೋ ಆ ಓತಿ ಹಿಡಿಯುವವನು ಜಾರಿರಬೇಕು. ಆ ಜಾಗ ಯಾವುದೆಂದು ತಿಳಿದರೆ, ಅಲ್ಲಿ ತಾನು ಜಾರದಂತೆ ನೋಡಿಕೊಳ್ಳಬಹುದು. ಹುಡುಕಿ ಹುಡುಕಿ ಸಿಗದೆ, ಕೊನೆಗೆ ಗುರುಗಳನ್ನೇ ಕೇಳಿದ:

"ಬುದ್ಧಿ, ಅವನು ಮುರಿದದ್ದು ಯಾವ ನೇಮವನ್ನು?"

ಗುರುಗಳು ಹೇಳಿದರು:

"ಒಂದನ್ನೂ ಮುರಿಯಲಿಲ್ಲ."